ಹಿಮ, ಅಗ್ಗಿಷ್ಟಿಕೆ ಮತ್ತು ಒಂದು ಕೊಲೆ: ಕ್ರಿಸ್‌ಮಸ್ ಪತ್ತೇದಾರಿ ಕಾದಂಬರಿಯ ಮೋಡಿ

ಲೇಖಕ ತೀರಿಹೋಗಿ ಐವತ್ತೊಂಬತ್ತು ವರ್ಷಗಳಾಗಿದ್ದವು. ಅವನ ಪುಸ್ತಕಗಳು ಅಂಗಡಿಗಳಿಂದ ಮಾಯವಾಗಿ ದಶಕಗಳೇ ಕಳೆದಿದ್ದವು. ಅವನ ಹೆಸರನ್ನು ನೆನಪಿಟ್ಟುಕೊಂಡವರು ಹಳೆಯ ಪುಸ್ತಕಗಳನ್ನು ಸಂಗ್ರಹಿಸುವ ಕೆಲವು ಹವ್ಯಾಸಿಗಳು ಮಾತ್ರ. ಅಂಥ ಲೇಖಕನ ಒಂದು ಕಾದಂಬರಿ 2014ರ ಡಿಸೆಂಬರ್ ತಿಂಗಳಿನಲ್ಲಿ ಬ್ರಿಟನ್ನಿನ ಪುಸ್ತಕದಂಗಡಿಗಳಲ್ಲಿ ಬಿಸಿ ದೋಸೆಯಂತೆ ಖರ್ಚಾಯಿತು. ಆ ಹಬ್ಬದ ಋತುವೊಂದರಲ್ಲೇ ಅದರ ಅರವತ್ತು ಸಾವಿರದಷ್ಟು ಪ್ರತಿಗಳು ಮಾರಾಟವಾದವೆಂದು ಅಲ್ಲಿನ ಪತ್ರಿಕೆಗಳು ವರದಿ ಮಾಡಿದವು. ಕೋಟಿಗಟ್ಟಲೆ ಹಣ ಸುರಿದು ಪ್ರಚಾರ ಮಾಡಿದ ಹೊಸ ಕಾದಂಬರಿಗಳ ನಡುವೆ 1937ರ ಈ ಹಳೆಯ ಪುಸ್ತಕ ತಲೆಯೆತ್ತಿ ನಿಂತದ್ದು ಪ್ರಕಾಶಕರಿಗೂ ಅಚ್ಚರಿಯ ಸಂಗತಿಯಾಗಿತ್ತು.

ಆ ಕಾದಂಬರಿಯ ಹೆಸರು 'ಮಿಸ್ಟರಿ ಇನ್ ವೈಟ್'. ಬರೆದವನು ಜೆ. ಜೆಫರ್ಸನ್ ಫಾರ್ಜನ್. ಹೊರತಂದದ್ದು ಲಂಡನ್ನಿನ ಬ್ರಿಟಿಷ್ ಲೈಬ್ರರಿ, ಅಂದರೆ ಆ ದೇಶದ ರಾಷ್ಟ್ರೀಯ ಗ್ರಂಥಾಲಯ.

ಕ್ರಿಸ್‌ಮಸ್ ಎಂದರೆ ಶಾಂತಿ, ಸದ್ಭಾವನೆ, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಉಣ್ಣುವ ಹಬ್ಬ. ಅಂಥ ದಿನ ಓದಲೆಂದು ಜನ ಕೊಲೆಯ ಕತೆಯನ್ನು ಏಕೆ ಹುಡುಕಿಕೊಂಡು ಹೋಗುತ್ತಾರೆ? ಹಾಗೆ ಕೊಂಡು ಓದಿದವರಲ್ಲಿ ಕೆಲವರು ಅದನ್ನು ಎದೆಗವಚಿಕೊಂಡರೆ ಇನ್ನು ಕೆಲವರು ಮುಖ ಸಿಂಡರಿಸಿದ್ದೇಕೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಹೊರಟರೆ ಒಂದು ಸಾಹಿತ್ಯ ಪ್ರಕಾರದ ಚರಿತ್ರೆಯೇ ತೆರೆದುಕೊಳ್ಳುತ್ತದೆ.

ಯಾರೂ ಇಲ್ಲದ ಮನೆಯಲ್ಲಿ ಕುದಿಯುವ ನೀರು

ಕತೆಯ ಆರಂಭ ಹೀಗಿದೆ. ಕ್ರಿಸ್‌ಮಸ್ ಮುನ್ನಾದಿನ. ಎಡೆಬಿಡದೆ ಸುರಿದ ಹಿಮದಿಂದಾಗಿ ಲಂಡನ್ನಿನಿಂದ ಹೊರಟ ರೈಲೊಂದು ಊರಾಚೆಯ ಬಯಲಿನಲ್ಲಿ ಸಿಕ್ಕಿಕೊಂಡು ನಿಂತುಬಿಡುತ್ತದೆ. ಒಂದೇ ಬೋಗಿಯಲ್ಲಿ ಕುಳಿತ, ಪರಸ್ಪರ ಗುರುತಿಲ್ಲದ ಪ್ರಯಾಣಿಕರು ಬೇಸರದಿಂದ ಚಡಪಡಿಸುತ್ತಿದ್ದಾರೆ. ಅಣ್ಣ-ತಂಗಿಯರಾದ ಡೇವಿಡ್ ಮತ್ತು ಲಿಡಿಯಾ, ನಾಟಕ ಕಂಪನಿಗಳಲ್ಲಿ ಕುಣಿದು ಹೊಟ್ಟೆ ಹೊರೆಯುವ ಜೆಸ್ಸಿ ಎಂಬ ತರುಣಿ, ಥಾಮ್ಸನ್ ಎಂಬ ಸಂಕೋಚದ ಗುಮಾಸ್ತ, ಎಲ್ಲವನ್ನೂ ತಾನು ಕಂಡಿದ್ದೇನೆಂದು ಕೊಚ್ಚಿಕೊಳ್ಳುವ ಒಬ್ಬ ಮುದುಕ, ಜತೆಗೆ ಪ್ರೇತಾತ್ಮಗಳ ಸಂಶೋಧನೆಯಲ್ಲಿ ತೊಡಗಿರುವ ಮಾಲ್ಟ್‌ಬಿ ಎಂಬ ವೃದ್ಧರು. ಮಾಲ್ಟ್‌ಬಿಯವರು ಹೊರಟಿರುವುದು ಮೊದಲನೆಯ ಚಾರ್ಲ್ಸ್ ದೊರೆಯ ಪ್ರೇತವನ್ನು ಕಾಣುವುದಕ್ಕೆ!

ತಾಳ್ಮೆಗೆಟ್ಟ ಕೆಲವರು ರೈಲಿನಿಂದಿಳಿದು ಹತ್ತಿರದ ಮತ್ತೊಂದು ನಿಲ್ದಾಣಕ್ಕೆ ನಡೆದುಹೋಗಲು ತೀರ್ಮಾನಿಸುತ್ತಾರೆ. ಹಿಮದಲ್ಲಿ ದಾರಿ ತಪ್ಪಿ ಒಂದು ಒಂಟಿ ಮನೆಯನ್ನು ತಲುಪುತ್ತಾರೆ. ಬಾಗಿಲಿಗೆ ಬೀಗವಿಲ್ಲ. ಅಗ್ಗಿಷ್ಟಿಕೆಯಲ್ಲಿ ಬೆಂಕಿ ಉರಿಯುತ್ತಿದೆ. ಮೇಜಿನ ಮೇಲೆ ಚಹಾದ ಸರಂಜಾಮು ಸಿದ್ಧವಾಗಿದೆ. ಅಡುಗೆಮನೆಯಲ್ಲಿ ನೀರು ಕುದಿಯುತ್ತಿದೆ. ಆದರೆ ಮನೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ.

ಅಷ್ಟರಲ್ಲಿ ಇನ್ನೊಂದು ಸುದ್ದಿ ಬರುತ್ತದೆ. ತಾವು ಬಿಟ್ಟುಬಂದ ರೈಲಿನಲ್ಲೇ ಒಬ್ಬ ಮನುಷ್ಯನ ಕೊಲೆಯಾಗಿದೆ. ಮುಂದಿನದನ್ನು ಇಲ್ಲಿ ಹೇಳುವುದು ಓದುಗರಿಗೆ ಬಗೆಯುವ ದ್ರೋಹವಾದೀತು. ಹಿಮ ಹೊರಗಿನ ದಾರಿಗಳನ್ನೆಲ್ಲ ಮುಚ್ಚಿದೆ, ಒಳಗೆ ಬೆಚ್ಚಗಿದೆ, ಆ ಬೆಚ್ಚನೆಯ ಕೋಣೆಯೊಳಗೇ ಯಾವುದೋ ಹಳೆಯ ಪಾಪದ ನೆರಳಿದೆ ಎಂದಷ್ಟೇ ಹೇಳಿದರೆ ಸಾಕು.

'ಕೋಝಿ' ಎಂದರೇನು?

ಇಂಥ ಕತೆಗಳನ್ನು ಇಂಗ್ಲಿಷ್ ಓದುಗರು 'ಕೋಝಿ' ಎನ್ನುತ್ತಾರೆ. ಬೆಚ್ಚಗೆ, ಹಿತವಾಗಿ, ಮೈಚಾಚಿ ಕುಳಿತುಕೊಳ್ಳುವ ಸುಖವನ್ನು ಸೂಚಿಸುವ ಪದವದು. ಪತ್ತೇದಾರಿ ಸಾಹಿತ್ಯದಲ್ಲಿ ಈ ಹಣೆಪಟ್ಟಿ ರೂಢಿಗೆ ಬಂದದ್ದು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ. ಅಮೆರಿಕದಲ್ಲಿ 1989ರಲ್ಲಿ ಆರಂಭವಾದ 'ಮ್ಯಾಲಿಸ್ ಡೊಮೆಸ್ಟಿಕ್' ಎಂಬ ವಾರ್ಷಿಕ ಸಮ್ಮೇಳನವು ಇಂಥ ಕತೆಗಳಿಗೇ ಮೀಸಲಾಗಿದ್ದು, ಅಲ್ಲಿ ಕೊಡಮಾಡುವ ಪ್ರಶಸ್ತಿಗೆ ಅಗಾಥಾ ಕ್ರಿಸ್ಟಿಯ ಹೆಸರನ್ನೇ ಇಡಲಾಗಿದೆ. 2020ರಲ್ಲಿ ಪ್ರಕಟವಾದ ರಿಚರ್ಡ್ ಓಸ್ಮನ್ ಅವರ 'ದಿ ಥರ್ಸ್‌ಡೇ ಮರ್ಡರ್ ಕ್ಲಬ್' ಕಾದಂಬರಿಯ ಭಾರೀ ಯಶಸ್ಸಿನ ನಂತರ ಈ ಪದ ಇನ್ನಷ್ಟು ಜನಜನಿತವಾಯಿತು.

ಈ ಪ್ರಕಾರಕ್ಕೆ ಬರೆಯದ ಕೆಲವು ಕಟ್ಟಳೆಗಳಿವೆ. ಕೊಲೆ ನಡೆಯಬೇಕು, ಆದರೆ ಅದರ ಬೀಭತ್ಸ ವಿವರಗಳು ಕಣ್ಣಿಗೆ ರಾಚಬಾರದು. ತನಿಖೆ ಮಾಡುವವರು ಸಾಮಾನ್ಯವಾಗಿ ಪೊಲೀಸರಲ್ಲ. ಹೆಣಿಗೆ ಹಾಕುವ ಅಜ್ಜಿ, ಪಾದ್ರಿ, ಪುಸ್ತಕದಂಗಡಿಯ ಒಡತಿ ಮುಂತಾದ ಹವ್ಯಾಸಿಗಳು. ಕತೆ ನಡೆಯುವ ಜಗತ್ತು ಚಿಕ್ಕದು: ಒಂದು ಹಳ್ಳಿ, ಒಂದು ಬಂಗಲೆ, ಒಂದು ರೈಲು. ಶಂಕಿತರೆಲ್ಲರೂ ಒಬ್ಬರಿಗೊಬ್ಬರು ಪರಿಚಿತರು, ಇಲ್ಲವೇ ಕತೆ ಮುಗಿಯುವುದರೊಳಗೆ ಪರಿಚಿತರಾಗುವವರು. ಕೊನೆಯಲ್ಲಿ ಗಂಟು ಬಿಚ್ಚಬೇಕು, ತಪ್ಪಿತಸ್ಥ ಸಿಕ್ಕಿಬೀಳಬೇಕು, ಕದಡಿದ ನೀರು ತಿಳಿಯಾಗಬೇಕು.

ಈ ಕಟ್ಟಳೆಗಳ ತವರು ಎರಡು ಮಹಾಯುದ್ಧಗಳ ನಡುವಣ ಇಂಗ್ಲೆಂಡ್. ಪತ್ತೇದಾರಿ ಸಾಹಿತ್ಯದ 'ಸುವರ್ಣಯುಗ'ವೆಂದು ಕರೆಯುವ ಆ ಅವಧಿಯಲ್ಲಿ ಅಗಾಥಾ ಕ್ರಿಸ್ಟಿ, ಡೊರೊಥಿ ಎಲ್. ಸೇಯರ್ಸ್ ಮೊದಲಾದವರ ಜತೆಗೆ ನೂರಾರು ಲೇಖಕರು ಬರೆಯುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಲಕ್ಷಾಂತರ ತರುಣರು ಅರ್ಥವಿಲ್ಲದೆ ಸತ್ತದ್ದನ್ನು ಕಂಡ ತಲೆಮಾರದು. ಒಂದೇ ಒಂದು ಸಾವು, ಅದಕ್ಕೊಂದು ಕಾರಣ, ಆ ಕಾರಣವನ್ನು ಹುಡುಕಿಯೇ ತೀರುವ ಒಂದು ಬುದ್ಧಿ: ಇಂಥ ಕತೆ ಆ ತಲೆಮಾರಿಗೆ ಸಾಂತ್ವನ ನೀಡಿದ್ದರೆ ಆಶ್ಚರ್ಯವೇನೂ ಇಲ್ಲ.

ಹಬ್ಬಕ್ಕೂ ಕೊಲೆಗೂ ಎಲ್ಲಿಯ ನಂಟು?

ಚಳಿಗಾಲದ ದೀರ್ಘ ರಾತ್ರಿಗಳಲ್ಲಿ ಬೆಂಕಿಯ ಸುತ್ತ ಕುಳಿತು ದೆವ್ವದ ಕತೆ ಹೇಳುವುದು ಇಂಗ್ಲೆಂಡಿನಲ್ಲಿ ಹಳೆಯ ರೂಢಿ. ಚಾರ್ಲ್ಸ್ ಡಿಕನ್ಸ್ 1843ರಲ್ಲಿ ಬರೆದ 'ಎ ಕ್ರಿಸ್‌ಮಸ್ ಕ್ಯಾರಲ್' ಕೂಡ ಮೂಲತಃ ಪ್ರೇತಗಳ ಕತೆಯೇ. ಹಿಮ ಹೊದ್ದ ಕ್ರಿಸ್‌ಮಸ್ಸಿನ ಚಿತ್ರವನ್ನು ಜನಮನದಲ್ಲಿ ಅಚ್ಚೊತ್ತಿದವರಲ್ಲಿ ಡಿಕನ್ಸ್ ಪ್ರಮುಖ. ಅವನು ಬಾಲ್ಯವನ್ನು ಕಳೆದದ್ದು ವಿಪರೀತ ಚಳಿಯ ದಶಕವೊಂದರಲ್ಲಿ. ವಾಸ್ತವದಲ್ಲಿ ದಕ್ಷಿಣ ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ ದಿನ ನೆಲದ ಮೇಲೆ ಹಿಮ ನಿಲ್ಲುವುದು ಅಪರೂಪ. ಆದರೂ ಕಾದಂಬರಿಗಳಲ್ಲಿ ಅದು ತಪ್ಪದೆ ಬೀಳುತ್ತದೆ.

ದೆವ್ವ ಕುಳಿತಿದ್ದ ಆ ಪೀಠವನ್ನು ಕ್ರಮೇಣ ಪತ್ತೇದಾರ ಆಕ್ರಮಿಸಿಕೊಂಡ. ಷರ್ಲಾಕ್ ಹೋಮ್ಸ್ ಕೂಡ ಹಬ್ಬದ ಕತೆಯೊಂದರಲ್ಲಿ ಕಾಣಿಸಿಕೊಂಡಿದ್ದಾನೆ. 1892ರ ಜನವರಿಯಲ್ಲಿ 'ಸ್ಟ್ರಾಂಡ್' ಮಾಸಪತ್ರಿಕೆಯಲ್ಲಿ ಪ್ರಕಟವಾದ 'ನೀಲಿ ಮಾಣಿಕ್ಯ'ದ ಕತೆಯಲ್ಲಿ ಹಬ್ಬದೂಟಕ್ಕೆಂದು ತಂದ ಹೆಬ್ಬಾತಿನ ಹೊಟ್ಟೆಯೊಳಗೆ ಕದ್ದ ರತ್ನ ಸಿಗುತ್ತದೆ. ಕೊನೆಯಲ್ಲಿ ಹೋಮ್ಸ್, ಇದು ಕ್ಷಮೆಯ ಕಾಲವೆಂದು ಹೇಳಿ ಕಳ್ಳನನ್ನು ಬಿಟ್ಟುಬಿಡುತ್ತಾನೆ.

ಕಥಾತಂತ್ರದ ದೃಷ್ಟಿಯಿಂದಲೂ ಕ್ರಿಸ್‌ಮಸ್ ಅನುಕೂಲಕರ. ವರ್ಷವಿಡೀ ಮುಖ ನೋಡದ ದಾಯಾದಿಗಳು ಅಂದು ಒಂದೇ ಸೂರಿನಡಿ ಸೇರುತ್ತಾರೆ. ಆಸ್ತಿಯ ತಕರಾರು, ಮರುಮದುವೆಯ ಮುನಿಸು, ಉಯಿಲಿನ ಗುಮಾನಿ ಎಲ್ಲವೂ ಊಟದ ಮೇಜಿನ ಸುತ್ತ ನಗುಮುಖ ಹೊತ್ತು ಕುಳಿತುಕೊಳ್ಳುತ್ತವೆ. ಹೊರಗೆ ಹಿಮ ಬಿದ್ದಿದ್ದರಿಂದ ಯಾರೂ ಹೊರಡುವಂತಿಲ್ಲ, ಪೊಲೀಸರೂ ಬೇಗ ಬರುವಂತಿಲ್ಲ. ನಮ್ಮಲ್ಲಿಯೂ ಮದುವೆ ಮನೆಯಲ್ಲೋ ಊರ ಜಾತ್ರೆಯಲ್ಲೋ ಹಳೆಯ ಜಗಳಗಳು ಹೊಗೆಯಾಡುವುದನ್ನು ಕಂಡವರಿಗೆ ಇದರ ಮರ್ಮ ತಟ್ಟನೆ ಹೊಳೆದೀತು. 1930ರ ದಶಕದಲ್ಲಿ ಸಿ.ಎಚ್.ಬಿ. ಕಿಚಿನ್ ಅವರ 'ಕ್ರೈಮ್ ಅಟ್ ಕ್ರಿಸ್‌ಮಸ್' (1934), ಮೇವಿಸ್ ಡೋರಿಯಲ್ ಹೇ ಅವರ 'ದಿ ಸಾಂಟಾ ಕ್ಲಾಸ್ ಮರ್ಡರ್' (1936) ಮೊದಲಾದ ಕಾದಂಬರಿಗಳು ಸಾಲಾಗಿ ಬಂದದ್ದು ಇದೇ ಕಾರಣಕ್ಕೆ.

ವ್ಯಾಪಾರದ ಲೆಕ್ಕಾಚಾರವೂ ಇದರಲ್ಲಿದೆ. ಬ್ರಿಟನ್ನಿನಲ್ಲಿ ಪುಸ್ತಕಗಳು ಹೆಚ್ಚಾಗಿ ಮಾರಾಟವಾಗುವುದು ಹಬ್ಬದ ಉಡುಗೊರೆಯಾಗಿ. ಹೀಗಾಗಿಯೇ ಅಗಾಥಾ ಕ್ರಿಸ್ಟಿಯ ಪ್ರಕಾಶಕರು 'ಕ್ರಿಸ್‌ಮಸ್ಸಿಗೊಂದು ಕ್ರಿಸ್ಟಿ' ಎಂಬ ಘೋಷಣೆಯಡಿ ವರ್ಷಕ್ಕೊಂದು ಕಾದಂಬರಿ ತರುತ್ತಿದ್ದರು. ನಾರ್ವೆಯಲ್ಲಿ ಇಂಥದೇ ಸಂಪ್ರದಾಯ ಈಸ್ಟರ್ ಹಬ್ಬಕ್ಕೆ ಅಂಟಿಕೊಂಡಿದೆ. 1923ರಲ್ಲಿ, ಬರ್ಗೆನ್‌ಗೆ ಹೋಗುವ ರೈಲನ್ನು ರಾತ್ರಿ ದೋಚಲಾಗಿದೆ ಎಂಬರ್ಥದ ಶೀರ್ಷಿಕೆಯ ಕಾದಂಬರಿಯೊಂದರ ಜಾಹೀರಾತು ಪತ್ರಿಕೆಯ ಮುಖಪುಟದಲ್ಲಿ ಪ್ರಕಟವಾಯಿತು. ಜನ ಅದನ್ನು ನಿಜವಾದ ಸುದ್ದಿಯೆಂದೇ ನಂಬಿ ಗಾಬರಿಗೊಂಡರು. ಪುಸ್ತಕ ಗೆದ್ದಿತು, ಅಂದಿನಿಂದ ಈಸ್ಟರ್ ರಜೆಯಲ್ಲಿ ಪತ್ತೇದಾರಿ ಕತೆ ಓದುವುದು ಆ ನಾಡಿನ ಪದ್ಧತಿಯಾಗಿಬಿಟ್ಟಿತು.

ರಕ್ತ ಬೇಕೆಂದ ಭಾವ

ಈ ಪ್ರಕಾರದಲ್ಲಿ ಓದುಗರು ಸುಮ್ಮನೆ ಕುಳಿತವರಲ್ಲ. ಅವರ ಮೆಚ್ಚುಗೆ, ತಕರಾರುಗಳೇ ಕೃತಿಗಳನ್ನು ರೂಪಿಸಿದ್ದುಂಟು. ಇದಕ್ಕೆ ಸ್ವಾರಸ್ಯಕರ ನಿದರ್ಶನವೆಂದರೆ 1938ರ 'ಹರ್ಕ್ಯುಲ್ ಪಾಯ್ರೋಸ್ ಕ್ರಿಸ್‌ಮಸ್'. ಕ್ರಿಸ್ಟಿಯ ಕೊಲೆಗಳು ತೀರಾ ನಾಜೂಕಾಗುತ್ತಿವೆ, ರಕ್ತಹೀನವಾಗುತ್ತಿವೆ ಎಂದು ಅವರ ಅಕ್ಕನ ಗಂಡ ಜೇಮ್ಸ್ ದೂರಿದ್ದರಂತೆ. ಕೊಲೆಯೆಂದರೆ ಕೊಲೆಯಂತಿರಬೇಕು, ಧಾರಾಳವಾಗಿ ರಕ್ತ ಹರಿದಿರಬೇಕು ಎಂಬುದು ಆ ಓದುಗ ಮಹಾಶಯರ ಬೇಡಿಕೆ. ಕ್ರಿಸ್ಟಿ ಆ ಕಾದಂಬರಿಯನ್ನು ಅವರಿಗೇ ಅರ್ಪಿಸಿ, ಇದು ನಿಮಗಾಗಿಯೇ ಬರೆದ ವಿಶೇಷ ಕತೆಯೆಂದು ಪೀಠಿಕೆಯಲ್ಲಿ ಹೇಳಿಕೊಂಡರು. ಮಕ್ಕಳನ್ನೆಲ್ಲ ಹಬ್ಬಕ್ಕೆ ಕರೆಸಿಕೊಂಡ ಸಿಡುಕು ಸ್ವಭಾವದ ಸಿರಿವಂತ ಮುದುಕನೊಬ್ಬ ಒಳಗಿನಿಂದ ಬೀಗ ಹಾಕಿದ ಕೋಣೆಯಲ್ಲಿ ರಕ್ತದ ಮಡುವಿನಲ್ಲಿ ಬಿದ್ದಿರುತ್ತಾನೆ. ಬೆಚ್ಚನೆಯ ಕತೆಗಳ ರಾಣಿಯೆನಿಸಿಕೊಂಡ ಕ್ರಿಸ್ಟಿ ಹಬ್ಬದ ಕತೆಯಲ್ಲಿಯೇ ಇಷ್ಟೊಂದು ರಕ್ತ ಹರಿಸಿದರು.

ವಿಮರ್ಶಕರು ಈ ಓದುವ ಚಟವನ್ನು ವಿವರಿಸಲು ಪ್ರಯತ್ನಿಸಿದ್ದಾರೆ. ಅಮೆರಿಕದ ಹೆಸರಾಂತ ವಿಮರ್ಶಕ ಎಡ್ಮಂಡ್ ವಿಲ್ಸನ್, ಜನ ಪತ್ತೇದಾರಿ ಕತೆಗಳನ್ನು ಏಕಾದರೂ ಓದುತ್ತಾರೆಂದು 1944ರಲ್ಲಿ 'ನ್ಯೂಯಾರ್ಕರ್' ಪತ್ರಿಕೆಯಲ್ಲಿ ಕೇಳಿದರು. ಸಿಟ್ಟಿಗೆದ್ದ ಓದುಗರಿಂದ ಪತ್ರಗಳ ಮಳೆಯೇ ಸುರಿಯಿತು. ನೀವು ಓದಬೇಕಾದ ಕೃತಿಗಳನ್ನು ಓದಿಲ್ಲವೆಂದು ಅವರು ಪಟ್ಟಿ ಕಳುಹಿಸಿದರು. ವಿಲ್ಸನ್ ಅವುಗಳಲ್ಲಿ ಹಲವನ್ನು ಓದಿ, 1945ರಲ್ಲಿ ಮತ್ತೊಂದು ಲೇಖನ ಬರೆದು, ತಮ್ಮ ಮೊದಲಿನ ಅಭಿಪ್ರಾಯವನ್ನೇ ಇನ್ನಷ್ಟು ಖಾರವಾಗಿ ಮಂಡಿಸಿದರು. ಓದುಗರೇನೂ ತಮ್ಮ ಅಭ್ಯಾಸ ಬಿಡಲಿಲ್ಲ.

ಕವಿ ಡಬ್ಲ್ಯೂ.ಎಚ್. ಆಡೆನ್ ಅವರದು ಬೇರೆಯೇ ದಾರಿ. ತಾವೇ ಈ ಚಟಕ್ಕೆ ಬಿದ್ದವರೆಂದು ಒಪ್ಪಿಕೊಂಡು, ಅದರ ಮೂಲವನ್ನು 1948ರ ಪ್ರಬಂಧವೊಂದರಲ್ಲಿ ಶೋಧಿಸಿದರು. ಅವರ ಪ್ರಕಾರ ಇಂಥ ಕತೆ ನಡೆಯುವ ಜಾಗ ಎಷ್ಟು ನಿಷ್ಕಳಂಕವಾಗಿದ್ದರೆ ಅಷ್ಟು ಒಳ್ಳೆಯದು. ಅಲ್ಲಿ ಬಿದ್ದ ಹೆಣ ಜಮಖಾನದ ಮೇಲೆ ನಾಯಿ ಮಾಡಿದ ಗಲೀಜಿನಂತೆ ಅಸಂಗತವಾಗಿ ಕಾಣಬೇಕು. ಅಪರಾಧಿಯೊಬ್ಬನನ್ನು ಬೆರಳು ಮಾಡಿ ತೋರಿಸಿದಾಗ ಉಳಿದವರೆಲ್ಲರೂ ನಿರ್ದೋಷಿಗಳಾಗುತ್ತಾರೆ. ಓದುಗನ ಮನಸ್ಸಿನಲ್ಲಿ ಮನೆಮಾಡಿದ ಅಸ್ಪಷ್ಟ ಪಾಪಪ್ರಜ್ಞೆಯೂ ಕ್ಷಣಕಾಲ ತೊಳೆದುಹೋಗುತ್ತದೆ. ಹೊಸ ಹಿಮ ಬಿದ್ದು ನೆಲವೆಲ್ಲ ಬೆಳ್ಳಗಾದ ಕ್ರಿಸ್‌ಮಸ್ ಹಳ್ಳಿಗಿಂತ ನಿಷ್ಕಳಂಕವಾದ ಜಾಗ ಬೇರೆ ಯಾವುದಿದ್ದೀತು?

ಓದುಗರು ಇಬ್ಭಾಗವಾದದ್ದೇಕೆ?

ಈಗ ಫಾರ್ಜನ್ ಕಾದಂಬರಿಗೆ ಮರಳೋಣ. ಅದನ್ನು ಓದಿದವರ ಅಭಿಪ್ರಾಯಗಳು ಸ್ಥೂಲವಾಗಿ ಎರಡು ಗುಂಪುಗಳಾಗುತ್ತವೆ. ಮೆಚ್ಚಿದವರು ಅದರ ವಾತಾವರಣವನ್ನು ಕೊಂಡಾಡುತ್ತಾರೆ. ಸದ್ದಡಗಿಸಿ ಬೀಳುವ ಹಿಮ, ಮಾಲೀಕನಿಲ್ಲದ ಮನೆ, ಗೋಡೆಯ ಮೇಲಿನ ಮುದುಕನ ಭಾವಚಿತ್ರ, ಅಪರಿಚಿತರು ನಿಧಾನವಾಗಿ ಆಪ್ತರಾಗುವ ಪರಿ, ಡೇವಿಡ್-ಲಿಡಿಯಾರ ಚುರುಕು ಮಾತು. ಮೊದಲ ನೂರು ಪುಟಗಳನ್ನು ಒಂದೇ ಉಸಿರಿನಲ್ಲಿ ಓದಿಸಿಕೊಳ್ಳುತ್ತದೆಂಬುದು ಇವರ ಸಾಮಾನ್ಯ ಅನುಭವ.

ನಿರಾಶರಾದವರ ತಕರಾರು ದ್ವಿತೀಯಾರ್ಧದ ಬಗ್ಗೆ. ಕತೆ ಅಲ್ಲಿ ಕುಂಟುತ್ತದೆ, ಕಾಕತಾಳೀಯಗಳು ಹೆಚ್ಚಾಗುತ್ತವೆ, ಸುಳಿವುಗಳಿಗಿಂತ ಮಾಲ್ಟ್‌ಬಿಯವರ ಅಂತಃಸ್ಫುರಣೆಗೇ ಹೆಚ್ಚು ಕೆಲಸ, ಕೊನೆಯ ವಿವರಣೆ ಉದ್ದವಾಯಿತು ಎನ್ನುತ್ತಾರೆ. ಕ್ರಿಸ್ಟಿಯ ಮಾದರಿಯ ನಿಖರ ಒಗಟನ್ನು ನಿರೀಕ್ಷಿಸಿದವರಿಗೆ ಇಲ್ಲಿ ಸಿಗುವುದು ಅರ್ಧ ಪತ್ತೇದಾರಿ, ಅರ್ಧ ದೆವ್ವದ ಕತೆ.

ವಿಚಾರ ಮಾಡಿದರೆ ಎರಡೂ ಕಡೆಯವರು ಒಂದೇ ಗುಣವನ್ನು ಕುರಿತು ಮಾತನಾಡುತ್ತಿದ್ದಾರೆ. ಫಾರ್ಜನ್ ಮೂಲತಃ ಒಗಟು ಕಟ್ಟುವ ಲೇಖಕನಲ್ಲ, ರೋಮಾಂಚಕ ಸಾಹಸಗಳ ಲೇಖಕ. ಅವನ 'ನಂಬರ್ ಸೆವೆಂಟೀನ್' ಎಂಬ ನಾಟಕವನ್ನು ಆಲ್‌ಫ್ರೆಡ್ ಹಿಚ್‌ಕಾಕ್ 1932ರಲ್ಲಿ ಚಲನಚಿತ್ರವಾಗಿಸಿದ್ದರು. ಅಲ್ಲಿಯೂ ಖಾಲಿ ಮನೆ, ಅಲ್ಲಿಯೂ ರೈಲು. ಬೆಚ್ಚಿಬೀಳಿಸುವ ಅವನ ಕೌಶಲವನ್ನು ಸೇಯರ್ಸ್ ಅವರೇ ಹೊಗಳಿದ್ದರು. ಅಂದರೆ 'ಮಿಸ್ಟರಿ ಇನ್ ವೈಟ್' ತನ್ನ ಕಾಲದಲ್ಲಿ 'ಕೋಝಿ' ಎಂದು ಬರೆಯಲ್ಪಟ್ಟದ್ದಲ್ಲ. ಆ ಹಣೆಪಟ್ಟಿ ನಮ್ಮ ಕಾಲದ್ದು. ಹಣೆಪಟ್ಟಿಯನ್ನು ನೋಡಿ ಕೊಂಡವರು ಒಳಗಿರುವ ಪದಾರ್ಥ ಬೇರೆಯೆಂದು ಕಂಡು ಮುನಿಸಿಕೊಂಡರು.

ಇನ್ನೂ ಗಂಭೀರವಾದ ಆಕ್ಷೇಪವೊಂದಿದೆ. ಹಳೆಯ ಇಂಗ್ಲೆಂಡಿನ ಈ ಬೆಚ್ಚನೆಯ ಕೋಣೆ ಎಲ್ಲರಿಗೂ ಅಷ್ಟೇ ಬೆಚ್ಚಗಿರಲಿಲ್ಲ. ಡೇವಿಡ್ ಮತ್ತು ಲಿಡಿಯಾರಂಥ ಸುಶಿಕ್ಷಿತರಿಗೆ ಸಿಗುವ ಗೌರವ ಕುಣಿಯುವ ಹುಡುಗಿ ಜೆಸ್ಸಿಗೆ ಸುಲಭವಾಗಿ ಸಿಗುವುದಿಲ್ಲ. ಗುಮಾಸ್ತ ಥಾಮ್ಸನ್ ಜ್ವರದಿಂದ ಮಲಗಿ, ಕನಸಿನಲ್ಲಷ್ಟೇ ಧೀರನಾಗುತ್ತಾನೆ. ಇಂದಿನ ಓದುಗರಲ್ಲಿ ಕೆಲವರಿಗೆ ಈ ಮೇಲು-ಕೀಳಿನ ಲೆಕ್ಕ ಗಂಟಲಲ್ಲಿ ಸಿಕ್ಕ ಮುಳ್ಳಾಗುತ್ತದೆ. ಫಾರ್ಜನ್ ಕೂಡ ಈ ವ್ಯತ್ಯಾಸವನ್ನು ಗಮನಿಸಿಯೇ ಬರೆದಿದ್ದಾನೆ. ಹಣವಿಲ್ಲದವಳ ಅಂಜಿಕೆ, ಒಂಟಿ ಗುಮಾಸ್ತನ ಹಗಲುಗನಸು ಅವನ ಕಣ್ಣಿಗೆ ಬಿದ್ದಿವೆ. ಆದರೆ ಅವರ ಸ್ಥಿತಿಯನ್ನು ಬದಲಿಸುವುದು ಈ ಪ್ರಕಾರದ ಉದ್ದೇಶವಲ್ಲ. ಕದಡಿದ ನೀರು ತಿಳಿಯಾದಾಗ ಮೇಲಿದ್ದವರು ಮೇಲೆಯೇ, ಕೆಳಗಿದ್ದವರು ಕೆಳಗೆಯೇ ಇರುತ್ತಾರೆ. ಕೋಝಿ ಕತೆಗಳ ಸಾಂತ್ವನದ ಬೆಲೆ ಇದೆಂಬುದನ್ನು ಓದುಗ ಮರೆಯಬಾರದು.

ಹಾಗೆಯೇ, ಕೊಲೆಯಾದವನೂ ಒಬ್ಬ ಮನುಷ್ಯ. ಅವನನ್ನು ಒಗಟಿನ ಮೊದಲ ಸಾಲಾಗಿ ಮಾತ್ರ ಬಳಸಿ ಬಿಸಾಡುವ ಕತೆ ಹಿತವಾಗಿದ್ದರೂ ಹಗುರ. ಈ ಪ್ರಕಾರದ ಉತ್ತಮ ಕೃತಿಗಳಲ್ಲಿ ಸತ್ತವನಿಗೊಂದು ಗತಜೀವನವಿರುತ್ತದೆ, ಅವನ ಸಾವು ಯಾರದೋ ಬದುಕಿನಲ್ಲಿ ನಿಜವಾದ ಗಾಯ ಮಾಡಿರುತ್ತದೆ. 'ಮಿಸ್ಟರಿ ಇನ್ ವೈಟ್' ಕೂಡ ತನ್ನ ದ್ವಿತೀಯಾರ್ಧದಲ್ಲಿ ಹಳೆಯ ಅನ್ಯಾಯವೊಂದರ ಲೆಕ್ಕ ಚುಕ್ತಾ ಮಾಡಲು ಹೊರಡುವುದರಿಂದಲೇ ನಿಧಾನಿಸುತ್ತದೆ. ವೇಗ ಬಯಸಿದವರಿಗೆ ಅದು ಕುಂಟುವಿಕೆ. ನ್ಯಾಯ ಬಯಸಿದವರಿಗೆ ಅದೇ ಕತೆಯ ತಿರುಳು.

ಗ್ರಂಥಾಲಯದ ಕಪಾಟಿನಿಂದ ಎದ್ದುಬಂದವರು

ಈ ಪುಸ್ತಕ ಮತ್ತೆ ಬೆಳಕಿಗೆ ಬಂದ ಬಗೆಯೂ ಗಮನಾರ್ಹ. ಬ್ರಿಟನ್ನಿನಲ್ಲಿ ಪ್ರಕಟವಾಗುವ ಪ್ರತಿ ಪುಸ್ತಕದ ಒಂದು ಪ್ರತಿ ಕಾನೂನಿನ ಪ್ರಕಾರ ರಾಷ್ಟ್ರೀಯ ಗ್ರಂಥಾಲಯಕ್ಕೆ ಸೇರಬೇಕು. ಜನ ಮರೆತರೂ ಕಪಾಟು ಮರೆಯುವುದಿಲ್ಲ. 2012ರಲ್ಲಿ ಆರಂಭವಾದ 'ಕ್ರೈಮ್ ಕ್ಲಾಸಿಕ್ಸ್' ಮಾಲೆಯಡಿ ಬ್ರಿಟಿಷ್ ಲೈಬ್ರರಿ ಇಂಥ ಪುಸ್ತಕಗಳನ್ನು ಹೆಕ್ಕಿ, ಹಳೆಯ ಪ್ರವಾಸಿ ಭಿತ್ತಿಪತ್ರಗಳನ್ನು ನೆನಪಿಸುವ ಮುಖಪುಟಗಳೊಂದಿಗೆ ಮರುಮುದ್ರಿಸತೊಡಗಿತು. ಪತ್ತೇದಾರಿ ಸಾಹಿತ್ಯದ ಇತಿಹಾಸಕಾರ ಮಾರ್ಟಿನ್ ಎಡ್ವರ್ಡ್ಸ್ ಪೀಠಿಕೆಗಳನ್ನು ಬರೆದರು. ಅರವತ್ತಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದೂ 1955ರಲ್ಲಿ ತೀರಿಕೊಂಡ ಬಳಿಕ ವಿಸ್ಮೃತನಾಗಿದ್ದ ಫಾರ್ಜನ್‌ನ 'ದಿ ಝಡ್ ಮರ್ಡರ್ಸ್', 'ಥರ್ಟೀನ್ ಗೆಸ್ಟ್ಸ್', 'ಸೆವೆನ್ ಡೆಡ್' ಮುಂತಾದ ಕೃತಿಗಳೂ ಅನಂತರ ಇದೇ ಮಾಲೆಯಲ್ಲಿ ಹೊರಬಂದವು. ಒಂದು ಹಬ್ಬದ ಓದುಗರು ಕೊಟ್ಟ ಒಲವು ಒಬ್ಬ ಲೇಖಕನಿಗೆ ಎರಡನೆಯ ಜೀವ ಕೊಟ್ಟಿತು.

ಕನ್ನಡಿಗರಿಗೆ ಇದರಲ್ಲಿ ಎರಡು ಸಂಗತಿಗಳಿವೆ. ಮೊದಲನೆಯದು ಕಾನೂನಿನದು. ಭಾರತದ ಕೃತಿಸ್ವಾಮ್ಯ ಕಾಯಿದೆಯಂತೆ ಲೇಖಕ ತೀರಿಕೊಂಡ ವರ್ಷದ ಮರುವರ್ಷದಿಂದ ಅರವತ್ತು ವರ್ಷಗಳವರೆಗೆ ಹಕ್ಕು ಉಳಿಯುತ್ತದೆ. ಆ ಲೆಕ್ಕದಲ್ಲಿ ಫಾರ್ಜನ್ ಕೃತಿಗಳು 2016ರ ಆರಂಭದಿಂದ ನಮ್ಮ ದೇಶದಲ್ಲಿ ಮುಕ್ತವಾಗಿವೆ. ಯಾರು ಬೇಕಾದರೂ ಮೂಲದಿಂದ ಕನ್ನಡಕ್ಕೆ ತರಬಹುದು. 1976ರಲ್ಲಿ ತೀರಿಕೊಂಡ ಕ್ರಿಸ್ಟಿಯ ವಿಷಯದಲ್ಲಿ ಇದೇ ಅವಕಾಶಕ್ಕೆ 2036ರ ಕೊನೆಯವರೆಗೆ ಕಾಯಬೇಕು.

ಎರಡನೆಯದು ನಮ್ಮದೇ ಕಪಾಟುಗಳ ವಿಷಯ. 'ಪತ್ತೇದಾರ ಪುರುಷೋತ್ತಮ'ನನ್ನು ಸೃಷ್ಟಿಸಿದ ಎನ್. ನರಸಿಂಹಯ್ಯನವರು ನೂರಾರು ಕಾದಂಬರಿಗಳನ್ನು ಬರೆದು, ಹೆಚ್ಚು ಓದು ಬರಹ ಬಾರದವರಿಗೂ ಕನ್ನಡ ಪುಸ್ತಕದ ರುಚಿ ಹತ್ತಿಸಿದವರು. ಬಾಡಿಗೆ ಗ್ರಂಥಾಲಯಗಳಲ್ಲಿ ಕೈಯಿಂದ ಕೈಗೆ ದಾಟಿ ಸವೆದುಹೋದ ಆ ಪುಸ್ತಕಗಳನ್ನು ಪಂಡಿತರು ಲೆಕ್ಕಕ್ಕೆ ತೆಗೆದುಕೊಂಡದ್ದು ಕಡಿಮೆ. ಜನಪ್ರಿಯ ಸಾಹಿತ್ಯವನ್ನು ಕೀಳೆಂದು ಬದಿಗೆ ಸರಿಸುವ ಬದಲು ಆಯ್ದು, ಪೀಠಿಕೆ ಬರೆದು, ಅಂದವಾಗಿ ಮುದ್ರಿಸಿದರೆ ಏನಾಗಬಹುದೆಂಬುದಕ್ಕೆ ಲಂಡನ್ನಿನ ಗ್ರಂಥಾಲಯವೊಂದು ಉತ್ತರ ಕೊಟ್ಟಿದೆ.

ಕ್ರಿಸ್‌ಮಸ್ ಪತ್ತೇದಾರಿ ಕಾದಂಬರಿಯನ್ನು ಕೈಗೆತ್ತಿಕೊಳ್ಳುವ ಹೊಸ ಓದುಗರಿಗೆ ಒಂದು ಕಿವಿಮಾತು. ಬುದ್ಧಿಗೆ ಸಾಣೆ ಹಿಡಿಯುವ ಒಗಟು ಬೇಕಿದ್ದರೆ ಕ್ರಿಸ್ಟಿಯಿಂದ ಆರಂಭಿಸಬೇಕು. ಹಿಮದ ಮೌನ, ಬೆಂಕಿಯ ಬೆಳಕು, ಬೆನ್ನ ಹಿಂದೆ ಯಾರೋ ನಿಂತಂತಾಗುವ ನವಿರಾದ ಭಯ ಬೇಕಿದ್ದರೆ ಫಾರ್ಜನ್ ಸಾಕು. ಕೊಲೆಯೇ ಇಲ್ಲದ, ಕ್ಷಮೆಯೇ ಮುಖ್ಯವಾದ ಕತೆ ಬೇಕಿದ್ದರೆ ಹೋಮ್ಸನ ಹೆಬ್ಬಾತಿನ ಪ್ರಸಂಗವಿದೆ. ಓದಿ ಮುಗಿಸಿದ ಮೇಲೆ ಕೊಲೆಗಾರ ಯಾರೆಂಬುದನ್ನು ಮಾತ್ರ ಪಕ್ಕದವರಿಗೆ ಹೇಳಬಾರದು. ಈ ಓದುಗ ಬಳಗದಲ್ಲಿ ಅದಕ್ಕಿಂತ ದೊಡ್ಡ ಅಪರಾಧ ಇನ್ನೊಂದಿಲ್ಲ.